ತಾಳೆ ನೋಡಿದವರು

ಮಳೆಯನ್ನು ಬರೀ ಓರೆ ಗೆರೆಗಳಲ್ಲಿ ಸುರಿಸಿದ್ದಾನಲ್ಲ ಪುಣ್ಯಾತ್ಮ ಎಂದುಕೊಳ್ಳುತ್ತ ಸುಂಕಪ್ಪ ಅದೇ ಪುಟವನ್ನು ಮೂರನೇ ಸಲ ನೋಡಿದ. ಮೊದಲನೇ ಚೌಕದಲ್ಲಿ ಸೇತುವೆಯ ಕೆಳಗೆ ಕೊಡೆ ಹಿಡಿದು ನಿಂತ ಮನುಷ್ಯ. ಎರಡನೆಯದರಲ್ಲಿ ಬರೀ ಬೀದಿದೀಪ. ಮೂರನೆಯದರಲ್ಲಿ ಬೋರಲು ಬಿದ್ದ ಕೊಡೆ, ಮನುಷ್ಯ ಇಲ್ಲ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಉಗುರಿನಷ್ಟು ಅಗಲದ ಬಿಳಿ ಪಟ್ಟಿ. ಕೊಲೆ ನಡೆದದ್ದು ಅಲ್ಲಿ. ಚಿತ್ರ ಬರೆದವನು ಅದನ್ನು ಬರೆಯಲೇ ಇಲ್ಲ, ನೋಡುವವನ ಕೈಗೆ ಕೊಟ್ಟು ಸುಮ್ಮನಾಗಿದ್ದಾನೆ. ಚಾಕು ಎತ್ತಿದವನು, ಇಳಿಸಿದವನು, ಓಡಿಹೋದವನು ಎಲ್ಲ ನಾನೇ ಆದೆನಲ್ಲ ಎಂದು ಸುಂಕಪ್ಪನಿಗೆ ಬೇರೆ ದಿನವಾಗಿದ್ದರೆ ಖುಷಿಯಾಗುತ್ತಿತ್ತು. ಇವತ್ತು ಮಾತ್ರ ಮಧ್ಯಾಹ್ನ ತಿಂದ ಎರಡು ಜೋಳದ ರೊಟ್ಟಿ ಎದೆಯ ಹತ್ತಿರವೇ ನಿಂತಿದ್ದವು. ಕಾಮಿಕ್ಸ್ ಪುಸ್ತಕವನ್ನು ಅವನು ಎಂದಿನಂತೆ ಅಗಲವಾದ ದಿನಪತ್ರಿಕೆಯ ಒಳಗೆ ಇಟ್ಟುಕೊಂಡಿದ್ದ. ಹೊರಗಿನಿಂದ ನೋಡುವವರಿಗೆ ತಾಲೂಕು ಕಚೇರಿಯ ನಕಲು ವಿಭಾಗದ ಗುಮಾಸ್ತರು ದೇಶದ ಸುದ್ದಿಯನ್ನು ಗಂಭೀರವಾಗಿ ಓದುತ್ತಿರುವಂತೆ ಕಾಣಬೇಕು. ನಲವತ್ಮೂರು ವರ್ಷದ ಮನುಷ್ಯ ಚಿತ್ರದ ಪುಸ್ತಕ ಓದುವುದನ್ನು ಒಬ್ಬ ರೈತ ಕಂಡರೂ ಸಾಕು, ಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನ ತನಕ ಮಾತು ಹೋಗುತ್ತದೆ.

ವಾಚನಾಲಯದ ಒಳಗೆ ಬರುವಾಗಲೇ ಗ್ರಂಥಪಾಲಕ ಓಬಳೇಶಪ್ಪ ಕನ್ನಡಕದ ಮೇಲಿನಿಂದ ನೋಡಿ, "ಸುಂಕಪ್ಪ, ಊಟದ ಬಿಡುವು ಮುಗೀತು ಅಂತ ಓಡಿಹೋಗಬ್ಯಾಡ್ರಿ ಇವತ್ತು. ಹಂಪಸಾಗರದ ಆಸ್ಪತ್ರಿ ಸಿಸ್ಟರ್ ಬರ್ತಾರ. ಆ ಬೀಗದ ಕೈ ಕಾದಂಬರಿ ಐತಲ್ಲ, ಅದನ್ನ ಬರದೋರು ಪತ್ರ ಹಾಕ್ಯಾರಂತ. ಏನೋ ಮೋಸ ಆಗೈತಂತ" ಎಂದಿದ್ದ. ಮೋಸ ಎಂಬ ಮಾತನ್ನು ಓಬಳೇಶಪ್ಪ ಚಹಾಕ್ಕೆ ಸಕ್ಕರೆ ಕಮ್ಮಿಯಾಗಿದೆ ಎನ್ನುವಷ್ಟು ಹಗುರವಾಗಿ ಅಂದಿದ್ದ. ಸುಂಕಪ್ಪನಿಗೆ ಮಾತ್ರ ಹತ್ತೊಂಬತ್ತು ವರ್ಷದ ಸರ್ವಿಸ್ ಒಮ್ಮೆಲೇ ಕಣ್ಣ ಮುಂದೆ ಬಂತು. ಈ ಹತ್ತೊಂಬತ್ತು ವರ್ಷದಲ್ಲಿ ಅವನು ಬರೆದುಕೊಟ್ಟ ಪಹಣಿ ನಕಲುಗಳಿಗೆ ಲೆಕ್ಕವಿಲ್ಲ. ಈ ತಾಲೂಕಿನ ಯಾವ ಮನೆಯ ಟ್ರಂಕು ತೆಗೆದರೂ, ಬಟ್ಟೆಯ ಕೆಳಗೆ, ಮದುವೆ ಫೋಟೋದ ಪಕ್ಕ, ಅವನ ದುಂಡಗಿನ ಅಕ್ಷರ ಮಡಿಸಿಕೊಂಡು ಮಲಗಿರುತ್ತದೆ. ಒಂದರಲ್ಲೂ ಒಂದು ಅಂಕಿ ತಪ್ಪಿಲ್ಲ. ಪ್ರತಿಯೊಂದರ ಕೊನೆಗೂ ಅದೇ ಸಾಲು: ಅಸಲಿನಂತೆ ನಕಲು ಇರುತ್ತದೆ. ಅದರ ಕೆಳಗೆ ಎಡಕ್ಕೆ 'ಬರೆದವರು', ಬಲಕ್ಕೆ 'ತಾಳೆ ನೋಡಿದವರು'. ಒಬ್ಬ ಬರೆಯಬೇಕು, ಇನ್ನೊಬ್ಬ ಅಸಲನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿ ರುಜು ಹಾಕಬೇಕು. ಇಬ್ಬರ ರುಜು ಬಿದ್ದರೆ ಮಾತ್ರ ಕಾಗದಕ್ಕೆ ಜೀವ. ಹೀಗೆ ಬಾಳಿದವನು ಹೋದ ವರ್ಷ, ತೊಂಬತ್ತಾರರ ದೀಪಾವಳಿಯ ಮುಂದೆ, ಒಂದೇ ಒಂದು ಸುಳ್ಳು ನಕಲು ಬರೆದಿದ್ದ. ಅದು ಈಗ ಓಬಳೇಶಪ್ಪನ ಮೇಜಿನ ಮೇಲೆ, ರಿಜಿಸ್ಟರಿನ ಪಕ್ಕದಲ್ಲಿ, ಕೆಂಪು ರಟ್ಟು ಹಾಕಿಕೊಂಡು ಕೂತಿತ್ತು.

'ಹದಿನಾಲ್ಕನೇ ಬೀಗದ ಕೈ'. ಎಂಥ ಕಾದಂಬರಿ ಅದು! ಪತ್ತೇದಾರಿ ಎಂದರೆ ಮೂಗು ಮುರಿಯುವವರು ಅದರ ಮೊದಲ ಪುಟವನ್ನಾದರೂ ಓದಬೇಕು ಎಂದು ಸುಂಕಪ್ಪ ಮನಸ್ಸಿನಲ್ಲೇ ಎಷ್ಟೋ ಜನರ ಜೊತೆ ಜಗಳವಾಡಿದ್ದ. ಒಂದು ಬ್ಯಾಂಕು, ಒಳಗಿನ ಭದ್ರ ಕೋಣೆಯಲ್ಲಿ ಮ್ಯಾನೇಜರ ಸತ್ತು ಬಿದ್ದಿದ್ದಾನೆ, ಬಾಗಿಲಿಗೆ ಹೊರಗಿನಿಂದ ಬೀಗ. ಹದಿಮೂರು ಬೀಗದ ಕೈಗಳಿರುವ ಗೊಂಚಲು ಜವಾನ ಮಾದಪ್ಪನ ಸೊಂಟದಲ್ಲಿ. ಲೇಖಕ ಆ ಗೊಂಚಲಿನ ಸಪ್ಪಳವನ್ನು ಮೊದಲ ಅಧ್ಯಾಯದಲ್ಲಿ ಕೇಳಿಸುತ್ತಾನೆ, ಆಮೇಲೆ ನೂರು ಪುಟ ಮರೆಸುತ್ತಾನೆ, ನಾವು ಕ್ಯಾಶಿಯರನ ಚಿನ್ನದ ಹಲ್ಲನ್ನೋ ಮ್ಯಾನೇಜರನ ಹೆಂಡತಿಯ ಕರವಸ್ತ್ರವನ್ನೋ ನೋಡುತ್ತಿರುವಾಗ ಬೆನ್ನ ಹಿಂದೆ ಮತ್ತೆ ಸಪ್ಪಳ ಮಾಡಿಸುತ್ತಾನೆ. ಓದುತ್ತ ಓದುತ್ತ ಸುಂಕಪ್ಪ ತನ್ನ ಸೊಂಟವನ್ನೇ ಮುಟ್ಟಿ ನೋಡಿಕೊಂಡಿದ್ದ. ಆದರೆ ನಲವತ್ತನೇ ಪುಟದಿಂದಲೇ ಅವನಿಗೊಂದು ಅಂಜಿಕೆ ಹತ್ತಿತ್ತು. ಪತ್ತೇದಾರ ಎಲ್ಲರನ್ನೂ ನೀವು ಎನ್ನುತ್ತಾನೆ. ಮ್ಯಾನೇಜರನ ಹೆಂಡತಿಗೆ ನೀವು, ಕ್ಯಾಶಿಯರನಿಗೆ ನೀವು, ಸಾಲ ಕೇಳಲು ಬಂದ ಕಂತ್ರಾಟುದಾರನಿಗೂ ನೀವು. ಅರವತ್ತು ವರ್ಷದ ಮಾದಪ್ಪನಿಗೆ ಮಾತ್ರ ನೀನು. ಇವನೇ ಅಂತ ಮಾಡಿಬಿಡುತ್ತಾನೇನೋ ಎಂದು ಹೆದರಿಕೊಂಡೇ ಓದಿದ. ನೂರ ತೊಂಬತ್ತೆರಡನೇ ಪುಟದಲ್ಲಿ ಪತ್ತೇದಾರ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂಡಿಸಿ, ಬಾಗಿಲು ಹಾಕಿ, "ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ. ಅವನು" ಎಂದ. ಪುಟ ಮಗುಚಿದರೆ ಹೊಲಿಗೆಯ ದಾರ. ಕೊನೆಯ ಹದಿನಾರು ಪುಟ ಯಾವನೋ ಪಾಪಿಯ ಕೈಯಲ್ಲಿ ಹರಿದುಹೋಗಿದ್ದವು.

ಅವನು. ಯಾವನು? ಸುಂಕಪ್ಪ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ರಜೆ ಹಾಕಿ ಕೊಟ್ಟೂರಿಗೆ ಹೋಗಿ ಅಲ್ಲಿನ ವಾಚನಾಲಯದಲ್ಲಿ ಹುಡುಕಿದ, ಇಲ್ಲ. ಕೂಡ್ಲಿಗಿಗೆ ಹೋದ, ಅಲ್ಲಿ ಅದೇ ಲೇಖಕರ ಬೇರೆ ಆರು ಕಾದಂಬರಿ ಸಿಕ್ಕವು, ಇದು ಇಲ್ಲ. ಹೆಂಡತಿ ಜೋಗಮ್ಮ, "ಸತ್ತೋನು ನಿಮ್ಮ ಬೀಗನಾ ಏನ್ರಿ, ಹಿಂಗ್ಯಾಕ ಒದ್ದಾಡ್ತೀರಿ" ಎಂದು ನಕ್ಕಳು. ಅವಳಿಗೆ ಹೇಗೆ ಹೇಳುವುದು, ಸತ್ತವನ ಚಿಂತೆ ಅಲ್ಲ ಇದು, ಬದುಕಿದವನದು ಎಂದು. ಚಾವಡಿಯ ಕಟ್ಟೆಯ ಮುಂದೆ ಬಿಸಿಲಲ್ಲಿ ಕುಕ್ಕರುಗಾಲಲ್ಲಿ ಕೂತವನದು. ಊರಿನ ಚಾವಡಿಯ ಪೆಟ್ರೋಮ್ಯಾಕ್ಸ್ ದೀಪ ಕಾಣೆಯಾದಾಗ ಊರ ತೋಟಿಯಾಗಿದ್ದ ಅಪ್ಪ ಹುಲುಗಣ್ಣನನ್ನು ಹಿರಿಯರು ಹಾಗೆ ಕೂಡಿಸಿದ್ದರು. ಬೆಳಗಿನಿಂದ ಸಂಜೆಯ ತನಕ ಒಬ್ಬರ ಹಿಂದೆ ಒಬ್ಬರು ಬಂದು ಕೇಳಿದ್ದರು. ಯಾಕ ತಗಂಡಿ? ಶಾಲೆ ಮುಗಿಸಿ ಬರುತ್ತಿದ್ದ ಹುಡುಗ ಸುಂಕಪ್ಪ ದೂರದಿಂದ ಅಪ್ಪನನ್ನು ಕಂಡು ಹುಣಸೆಮರದ ಹಿಂದಿನಿಂದ ಬಳಸಿಕೊಂಡು ಮನೆಗೆ ಹೋಗಿದ್ದ. ಜೊತೆಗಿದ್ದ ಹುಡುಗರು ನೋಡಬಾರದು ಎಂದು. ಅಪ್ಪ ನೋಡಿದ್ದನೋ ಇಲ್ಲವೋ. ಅವತ್ತು ಊಟಕ್ಕೆ ಕೂತಾಗ ಸುಂಕಪ್ಪನೂ ಕೇಳಿದ, ಯಾಕ ತಗಂಡಿ ಎಂದೇ. ಅಪ್ಪ ತಾಟನ್ನು ಒಂದು ಸುತ್ತು ತಿರುಗಿಸಿ, ಉಪ್ಪು ಎಲ್ಲಿದೆ ಎಂದು ನೋಡಿ, ಊಟ ಮಾಡಿದ. ಸುಂಕಪ್ಪ ನೌಕರಿಗೆ ಸೇರಿ ಎಷ್ಟೋ ವರ್ಷದ ಮೇಲೆ, ಅಪ್ಪ ಹಾಸಿಗೆ ಹಿಡಿದಾಗ, ಆ ದೀಪ ದೊಡ್ಡವರೊಬ್ಬರ ಬೀಗರ ಮನೆಯ ಅಟ್ಟದಲ್ಲಿ ಸಿಕ್ಕಿತೆಂಬ ಸುದ್ದಿ ಬಂತು. ಯಾರು ಒಯ್ದರೆಂದು ನಿನಗೆ ಗೊತ್ತಿತ್ತೇನಪ್ಪ ಎಂದು ಕೇಳಿದ್ದಕ್ಕೆ ಅಪ್ಪ ತಣ್ಣಗೆ ಹೇಳಿದ್ದ: "ನೋಡಿದ್ನಲ್ಲಪ್ಪ. ಯಾಕ ತಗಂಡಿ ಅಂತ ಎಲ್ಲಾರೂ ಕೇಳಿದ್ರು. ನೀನೂ ಕೇಳಿದಿ. ಯಾರು ತಗಂಡ್ರು ಅಂತ ಒಬ್ಬರೂ ಕೇಳಲಿಲ್ಲ." ಸಿಟ್ಟಿನಿಂದ ಅಂದದ್ದಲ್ಲ. ಮಳೆ ಬರಲಿಲ್ಲ ಎನ್ನುವ ಹಾಗೆ ಅಂದದ್ದು. ಅದಕ್ಕೇ ಅದು ಇಷ್ಟು ವರ್ಷವಾದರೂ ಸುಂಕಪ್ಪನನ್ನು ಬಿಟ್ಟಿರಲಿಲ್ಲ.

ಎರಡು ಭಾನುವಾರ ಕೂತು ಅವನು ಆ ಹದಿನಾರು ಪುಟ ಬರೆದ. ಕಾಗದ ತನ್ನದೇ, ಶಾಯಿ ತನ್ನದೇ. ಗೋಂದು ಮಾತ್ರ ಕಚೇರಿಯದು, ಅದರ ಬಗ್ಗೆ ಈಗಲೂ ಒಂದು ಅಳುಕಿದೆ. ಬರೆಯುವಾಗ ಮಾತ್ರ ಅಳುಕು ಇರಲಿಲ್ಲ. ಪತ್ತೇದಾರನ ಬಾಯಲ್ಲಿ ಮಾದಪ್ಪನಿಗೆ ಮೊದಲ ಸಲ ನೀವು ಎನ್ನಿಸಿದ. ಕೊಲೆಯನ್ನು ಚಿನ್ನದ ಹಲ್ಲಿನ ಕ್ಯಾಶಿಯರನ ತಲೆಗೆ ಕಟ್ಟಿದ. ಎಲ್ಲ ತಿಳಿದಿದ್ದೂ ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದಾಗ ಮಾದಪ್ಪ ಗೊಂಚಲನ್ನು ಸೊಂಟದಿಂದ ಬಿಚ್ಚಿ ಮೇಜಿನ ಮೇಲಿಟ್ಟು ಹೇಳುತ್ತಾನೆ: "ಯಾಕೆ ಕೊಂದೆ ಅಂತ ಎಲ್ಲರೂ ಕೇಳಿದಿರಿ ಸ್ವಾಮಿ. ಯಾರು ಕೊಂದರು ಅಂತ ಒಬ್ಬರೂ ಕೇಳಲಿಲ್ಲ." ಆ ಸಾಲು ಬರೆದ ಮೇಲೆ ಸುಂಕಪ್ಪನಿಗೆ ಮೈ ಹಗುರವಾಗಿ, ಕಣ್ಣು ಮಂಜಾಗಿ, ಕೈ ತನ್ನ ಪಾಡಿಗೆ ಮುಂದೆ ಹೋಯಿತು. ಅಷ್ಟು ವರ್ಷ ಪುಟದ ಕೊನೆಗೆ ಬಂದಾಗ ಏನು ಬರೆದು ರೂಢಿಯೋ ಅದನ್ನೇ ಬರೆಯಿತು. ಅಸಲಿನಂತೆ ನಕಲು ಇರುತ್ತದೆ. ಎಡಕ್ಕೆ ಬರೆದವರು, ಬಲಕ್ಕೆ ತಾಳೆ ನೋಡಿದವರು. ರುಜು ಹಾಕುವ ಮುಂದೆ ಎಚ್ಚರವಾಗಿ ಲೇಖನಿ ಎತ್ತಿದ. ಹೊಡೆದು ಹಾಕಬಹುದಿತ್ತು. ಆದರೆ ಚೊಕ್ಕ ಬರವಣಿಗೆಯ ಮೇಲೆ ಗೀಟು ಎಳೆಯಲು ಆ ಕೈಗೆ ಬರುವುದಿಲ್ಲ. ಇರಲಿ ಬಿಡು, ಎರಡೂ ಜಾಗ ಖಾಲಿ ಇದೆಯಲ್ಲ, ಯಾರಿಗೆ ಗೊತ್ತಾಗುತ್ತದೆ ಎಂದು ಹಾಗೇ ಅಂಟಿಸಿ, ಯಾರೂ ಇಲ್ಲದ ಹೊತ್ತು ನೋಡಿ ಕಪಾಟಿನಲ್ಲಿ ಇಟ್ಟುಬಿಟ್ಟ.

ಗೊತ್ತಾಗುವವರು ಒಬ್ಬರಿದ್ದರು. ಈ ವಾಚನಾಲಯದ ಗೋಡೆಯ ಮೇಲೆ 'ಪುಸ್ತಕದಲ್ಲಿ ಗೀಚಬಾರದು' ಎಂಬ ಬೋರ್ಡಿದೆ. ಅದರ ಕೆಳಗೆ ಕೂತೇ ಎಲ್ಲರೂ ಗೀಚುತ್ತಾರೆ. ಕೆಲವರು ಹತ್ತನೇ ಪುಟದಲ್ಲೇ ಕೊಲೆಗಾರನ ಹೆಸರು ಬರೆದು ಓದುವವರ ಬಾಯಿಗೆ ಮಣ್ಣು ಹಾಕುತ್ತಾರೆ. ಅಂಥವನ್ನು ಸುಂಕಪ್ಪ ಜೇಬಿನಲ್ಲಿ ರಬ್ಬರು ಇಟ್ಟುಕೊಂಡು ಅಳಿಸುತ್ತಾನೆ. ಆದರೆ ಕೊನೆಯ ಖಾಲಿ ಪುಟದಲ್ಲಿ ಪೆನ್ಸಿಲಿನ ಸಣ್ಣ ಅಕ್ಷರದಲ್ಲಿ ಬರುವ ಅಭಿಪ್ರಾಯಗಳನ್ನು ಮಾತ್ರ ಅವನು ಕಾದಂಬರಿಗಿಂತ ಮೊದಲು ಓದುತ್ತಿದ್ದ. ಕೆಳಗೆ 'ಹಂ.ಸಾ. ಓದುಗಿ' ಎಂದಷ್ಟೇ ಇರುತ್ತಿತ್ತು. ಆಸ್ಪತ್ರೆಯ ದೆವ್ವದ ಕಾದಂಬರಿ 'ಎಂಟನೇ ಮಂಚ'ಕ್ಕೆ: 'ಹದಿನೆಂಟು ವರ್ಷ ವಾರ್ಡುಗಳಲ್ಲಿ ಓಡಾಡಿದ್ದೇನೆ. ದೆವ್ವ ಎಂಬುದು ಇದ್ದರೆ ಹೀಗೇ ಇರಬೇಕು, ಯಾರಾದರೂ ಬಂದು ನಾಡಿ ನೋಡಲಿ ಎಂದು ಕಾಯುತ್ತ ಕೂತಿರಬೇಕು. ಓದಿ.' ಭೂಮಿಯ ಕೆಳಗೆ ಊರುಗಳಿರುವ 'ಪಾತಾಳ ರೈಲು' ಎಂಬುದಕ್ಕೆ: 'ವಿಜ್ಞಾನ ತಪ್ಪಿರಬಹುದು. ಆದರೆ ಮೂರು ದಿನ ನನ್ನ ಹಾಸಿಗೆಯ ಕೆಳಗೆ ರೈಲು ಓಡಿತು. ಇದಕ್ಕಿಂತ ಏನು ಬೇಕು.' ಕಾಮಿಕ್ಸುಗಳನ್ನೂ ಬಿಟ್ಟವಳಲ್ಲ. 'ಇದರ ಖಳನಾಯಕನ ಮೂಗು ಬರೆದವರ ಕೈಗೆ ಚಿನ್ನದ ಕಡಗ ಹಾಕಬೇಕು. ಮಾತು ಓದುವ ಮೊದಲೇ ಮೂಗು ಎಲ್ಲ ಹೇಳುತ್ತದೆ.' ಓದಿ ಓದಿ ಸುಂಕಪ್ಪನಿಗೆ ತಡೆಯಲಾಗದೆ ಒಂದು ಸಲ ಅದರ ಕೆಳಗೆ 'ನಿಜ' ಎಂದು ಬರೆದಿದ್ದ. ಮುಂದಿನ ಪುಸ್ತಕದಲ್ಲೂ ಬರೆದ. ಮೂರನೆಯದರಲ್ಲಿ ಅವಳು ಕೇಳಿಯೇ ಬಿಟ್ಟಿದ್ದಳು: 'ಯಾರಪ್ಪ ಈ ನಿಜ ಮಹಾಶಯರು?' ಅವನು ಒಂದು ವಾರ ಒಬ್ಬನೇ ನಗುತ್ತ ಓಡಾಡಿದ. ಉತ್ತರ ಬರೆಯುವ ಧೈರ್ಯ ಬರಲಿಲ್ಲ.

ಬೀಗದ ಕೈ ಕಾದಂಬರಿಗೆ ಅವಳು ಬರೆದದ್ದು ಇಡೀ ಒಂದು ಪುಟ. ಸುಂಕಪ್ಪನಿಗೆ ಬಾಯಿಪಾಠವಾಗಿತ್ತು. 'ಹರಿದ ಪುಟಗಳನ್ನು ಎಲ್ಲಿಂದಲೋ ಹುಡುಕಿ, ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡಿ ಅಂಟಿಸಿದವರ ಹೊಟ್ಟೆ ತಣ್ಣಗಿರಲಿ. ಈ ಲೇಖಕರ ಹನ್ನೊಂದು ಕಾದಂಬರಿ ಓದಿದ್ದೇನೆ. ಎಲ್ಲದರಲ್ಲೂ ಬುದ್ಧಿ ಇತ್ತು. ಇದರ ಕೊನೆಯಲ್ಲಿ ಮನುಷ್ಯ ಇದ್ದಾನೆ. ಮಾದಪ್ಪನ ಒಂದು ಮಾತಿಗೆ ನನ್ನ ಎದೆ ನಿಂತು ಮುಂದೆ ಹೋಯಿತು. ಹದಿನಾಲ್ಕನೇ ಕೈ ಎಲ್ಲಿಂದ ಬಂತು ಎಂದು ಲೇಖಕರು ಹೇಳುವುದನ್ನೇ ಮರೆತಿದ್ದಾರೆ, ಆದರೂ ಕ್ಷಮಿಸಿದ್ದೇನೆ.' ಅದನ್ನು ನಿಂತಲ್ಲೇ ಓದಿ, ಹೊರಗೆ ಹೋಗಿ ಚಹಾ ಕುಡಿದು, ಬಂದು ಮತ್ತೆ ಓದಿದ್ದ. ಅದರ ಕೆಳಗೆ ಮಾತ್ರ ನಿಜ ಎಂದು ಬರೆಯಲಾಗಲಿಲ್ಲ. ಪೆನ್ಸಿಲು ಹಿಡಿದು ಬಹಳ ಹೊತ್ತು ಕೂತು, ಜೇಬಿಗೆ ಹಾಕಿಕೊಂಡು ಬಂದಿದ್ದ.

ಬಾಗಿಲಲ್ಲಿ ಚಪ್ಪಲಿ ಬಿಡುವ ಸಪ್ಪಳವಾಯಿತು. ಸುಂಕಪ್ಪ ಪತ್ರಿಕೆಯನ್ನು ಇನ್ನಷ್ಟು ಮೇಲಕ್ಕೆ ಎತ್ತಿದ. ಹಂಪಸಾಗರದ ನರ್ಸ್ ನಾಗಲಿಂಗಮ್ಮ ಸೋಮವಾರದ ಮೀಟಿಂಗು ಮುಗಿಸಿ ಬಂದವಳು, ಬಿಳಿ ಸೀರೆಯ ಅಂಚಿಗೆ ಬಸ್ಸಿನ ಧೂಳು ಹತ್ತಿತ್ತು. ಐವತ್ತರ ಹತ್ತಿರದ ಹೆಂಗಸು. ಕಪ್ಪು ಚೀಲವನ್ನು ಓಬಳೇಶಪ್ಪನ ಮೇಜಿನ ಮೇಲೆ ಇಟ್ಟು, ಕುರ್ಚಿ ಎಳೆದುಕೊಂಡು ಕೂತು, ನೀರು ಕೇಳಿ ಕುಡಿದಳು. ಆಮೇಲೆ ಲಕೋಟೆ ತೆಗೆದಳು.

"ಓಬಳೇಶಣ್ಣ, ನನಗ ನಗಬೇಕೋ ಅಳಬೇಕೋ ತಿಳೀವಲ್ದು. ಕಾದಂಬರಿ ಭಾಳ ಚಲೋ ಐತಿ, ಮಾದಪ್ಪನ್ನ ಉಳಿಸಿದ್ದಕ್ಕ ನಿಮ್ಮ ಕೈ ಮುಗೀತೀನಿ ಅಂತ ಆ ಮಹಾನುಭಾವರಿಗೆ ಪತ್ರ ಬರದಿದ್ದೆ. ಆ ಮಾತನ್ನೂ ಬರದಿದ್ದೆ, ಯಾರೂ ಕೇಳಲಿಲ್ಲ ಅಂತಾನಲ್ಲ, ಅದನ್ನ. ಈಗ ಉತ್ತರ ಬಂದೈತಿ ನೋಡ್ರಿ." ಅವಳು ಓದಿದಳು. ಓದುವಾಗ ಧ್ವನಿ ಶಾಲೆಯ ಮಕ್ಕಳದರಂತೆ ಚಪ್ಪಟೆಯಾಯಿತು. "ತಾವು ಮೆಚ್ಚಿದ ಮುಕ್ತಾಯ ನನ್ನದಲ್ಲ. ನನ್ನ ಕಾದಂಬರಿಯಲ್ಲಿ ಕೊಲೆಗಾರ ಜವಾನ ಮಾದಪ್ಪನೇ. ಯಾರೋ ತಲೆಹರಟೆಗಳು ತಮಗೆ ಮೋಸ ಮಾಡಿದ್ದಾರೆ. ಅಸಲು ಪುಟಗಳನ್ನು ಇದರೊಂದಿಗೆ ಕಳಿಸಿದ್ದೇನೆ, ದಯವಿಟ್ಟು ಅಂಟಿಸಿಕೊಂಡು ಸುಳ್ಳು ಪುಟಗಳನ್ನು ತೆಗೆಸಿರಿ."

ಮಾದಪ್ಪನೇ. ಸುಂಕಪ್ಪನಿಗೆ ಗೊತ್ತಿದ್ದದ್ದೇ. ನಲವತ್ತನೇ ಪುಟದಿಂದ ಗೊತ್ತಿತ್ತು. ಆದರೂ ಆ ಮಾತು ಗಟ್ಟಿಯಾಗಿ ಕಿವಿಗೆ ಬಿದ್ದಾಗ ಕೈಯಲ್ಲಿದ್ದ ಪತ್ರಿಕೆ ಸಡಿಲಾಗಿ, ಒಳಗಿದ್ದ ಕಾಮಿಕ್ಸ್ ಜಾರಿ ನೆಲಕ್ಕೆ ಬಿತ್ತು. ರಟ್ಟಿನ ಮೇಲೆ ಬಣ್ಣಬಣ್ಣದ ಮುಖವಾಡದ ಮನುಷ್ಯ ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದು ಓಬಳೇಶಪ್ಪನ ಕಡೆಗೇ ಗುರಿಯಿಟ್ಟಿದ್ದ. ನಾಗಲಿಂಗಮ್ಮ ತಿರುಗಿ ನೋಡಿದಳು. ಸುಂಕಪ್ಪ ಬಗ್ಗಿ ಎತ್ತಿಕೊಳ್ಳುವಾಗ ಕನ್ನಡಕವೂ ಜಾರಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

"ಅಲ್ಲೇ ಅದಾರಲ್ಲ ಸುಂಕಪ್ನೋರು," ಎಂದ ಓಬಳೇಶಪ್ಪ ಏನೂ ಆಗದವನಂತೆ. "ಬರ್ರಿ ಇಲ್ಲಿ. ಅಕ್ಷರದ ವಿಷಯದಾಗ ನಿಮಗಿಂತ ತಿಳಿದೋರು ಯಾರದಾರ ಈ ಊರಾಗ? ಇದು ಯಾವನ ಕೈ ಅಂತ ಹೇಳ್ರಿ, ಅವನ ಕಾರ್ಡ್ ಇವತ್ತೇ ರದ್ದು ಮಾಡ್ತೀನಿ. ಯಾಕ ಬರದಿ ಅಂತ ಕುತ್ತಿಗಿ ಹಿಡಿದು ಕೇಳ್ತೀನಿ."

ಸುಂಕಪ್ಪ ಮೇಜಿನ ಹತ್ತಿರ ಬಂದ. ತನ್ನದೇ ದುಂಡಗಿನ ಅಕ್ಷರವನ್ನು ಕಣ್ಣು ಕಿರಿದು ಮಾಡಿ, ಪುಟವನ್ನು ಬೆಳಕಿಗೆ ಹಿಡಿದು, ಬೇರೆಯವರದೆಂಬಂತೆ ನೋಡಿದ. "ಗೊತ್ತಾಗೋದಿಲ್ರಿ," ಎಂದ. "ಇಂಥ ಅಕ್ಷರ ಭಾಳ ಮಂದಿದು ಇರತೈತಿ." ಹುಣಸೆಮರವನ್ನು ಬಳಸಿ ಬಂದ ಹಾಗೇ ಆಯಿತು. ಅದೇ ಕಾಲು, ಅದೇ ದಾರಿ. ನಾಚಿಕೆಗೆ ಕಿವಿ ಕಾದವು. ಅದನ್ನು ಮುಚ್ಚಿಕೊಳ್ಳಲು ಲೇಖಕರು ಕಳಿಸಿದ್ದ ಅಚ್ಚಿನ ಪುಟಗಳನ್ನು ಕೈಗೆತ್ತಿಕೊಂಡ. ನಿಂತೇ ಓದತೊಡಗಿದ. ಓದುತ್ತ ಹೋದಂತೆ, ಅವನಿಗೇ ಸಿಟ್ಟು ಬರುವಷ್ಟು, ಅದು ಚೆನ್ನಾಗಿತ್ತು. ಹದಿನಾಲ್ಕನೇ ಕೈಯನ್ನು ಸಾಬೂನಿನ ಬಿಲ್ಲೆಯಲ್ಲಿ ಅಚ್ಚು ತೆಗೆದು ಮಾಡಿದ್ದು; ಆ ಸಾಬೂನು ಎರಡನೇ ಅಧ್ಯಾಯದಲ್ಲೇ, ಕೈ ತೊಳೆಯುವ ಬಾನಿಯ ಪಕ್ಕ, ನಮ್ಮ ಕಣ್ಣ ಮುಂದೆಯೇ ಇತ್ತು! ಎಂಥ ತಲೆ! ಒಂದು ಎಳೆ ಸಡಿಲವಿಲ್ಲ, ಒಂದು ಮಾತು ಹೆಚ್ಚಿಲ್ಲ. ಕೈಚಳಕದಲ್ಲಿ ತನ್ನ ಹದಿನಾರು ಪುಟ ಇದರ ಹತ್ತಿರಕ್ಕೂ ಬರುವುದಿಲ್ಲ ಎಂದು ಓದುಗ ಸುಂಕಪ್ಪ ಒಪ್ಪಿಕೊಂಡ, ಮನಸಾರೆ ಒಪ್ಪಿಕೊಂಡ. ಕೊನೆಯ ಪುಟದಲ್ಲಿ ಪತ್ತೇದಾರ ಮಾದಪ್ಪನ ಕಡೆಗೆ ತಿರುಗಿ, "ಯಾಕೆ ಕೊಂದೆ?" ಎಂದು ಕೇಳುತ್ತಾನೆ. ಮಾದಪ್ಪ ತಲೆ ತಗ್ಗಿಸುತ್ತಾನೆ. ಅಲ್ಲಿಗೆ ಮುಗಿಯಿತು.

"ಹೆಂಗೈತ್ರಿ?" ನಾಗಲಿಂಗಮ್ಮ ಅವನ ಮುಖವನ್ನೇ ನೋಡುತ್ತಿದ್ದಳು.

"ಭಾಳ ಚಲೋ ಐತಿ," ಎಂದ. ಸುಳ್ಳು ಹೇಳಲು ಅವನಿಗೆ ಇಲ್ಲಿ ಬರಲಿಲ್ಲ. "ಸಾಬೂನು ಎರಡನೇ ಅಧ್ಯಾಯದಾಗ ಇಟ್ಟಾರ ನೋಡ್ರಿ, ಅದಕ್ಕ ಸರಿಸಾಟಿ ಇಲ್ಲ."

"ನನಗೂ ಹಂಗೇ ಅನಿಸ್ತು," ಎಂದಳು ಅವಳು. "ಬಸ್ಸಿನಾಗ ಓದಿ ಭೇಷ್ ಅಂದೆ. ಅಂದಕೂಡ್ಲೆ ಒಬ್ಬನ ಮುಖ ಕಣ್ಣ ಮುಂದ ಬಂತು. ನಮ್ಮ ಆಸ್ಪತ್ರ್ಯಾಗ ಮೈಲಪ್ಪ ಅಂತ ಅದಾನ್ರಿ, ಗೇಟ್ ಕಾಯ್ತಾನ, ನೀರು ತರ್ತಾನ. ಓದಾಕ ಬರಾಂಗಿಲ್ಲ. ಚುಚ್ಚುಮದ್ದಿಗೆ ಕೂತ ಹೆಣ್ಮಕ್ಕಳಿಗೆ ನಾನು ಕಾದಂಬರಿ ಹೇಳೋ ಮುಂದ ಬಾಗಲಾಗ ನಿಂತು ಕೇಳ್ತಾನ. ಈ ಕತಿ ಹೇಳಿದಾಗ ದಿನಾ ಬಂದು, ಮಾದಪ್ಪನ ಮ್ಯಾಲ ಹಾಕ್ಯಾರೇನು ಸಿಸ್ಟರ್, ಹಾಕ್ಯಾರೇನು ಅಂತ ಕೇಳೋನು. ಕೊನೀಗೆ ಆ ಮಾತು ಓದಿ ಹೇಳಿದೆ. ಇನ್ನೊಮ್ಮೆ ಓದ್ರಿ ಅಂದ. ಓದಿದೆ. ಮರುದಿನ ಬಂದು, ರಾತ್ರಿ ನಿದ್ದಿ ಹತ್ತಿತು ಸಿಸ್ಟರ್, ಮಾದಪ್ಪ ಪಾರಾದ ಅಂದ. ಈಗ ನಾನು ಹೋಗಿ ಏನಂತ ಹೇಳ್ಲಿ? ಅದು ಸುಳ್ಳಂತ, ನೀನ ಕೊಂದೀಯಂತ ಅಂತ ಹೇಳ್ಲಾ?"

ಓಬಳೇಶಪ್ಪ ಕೆಂಪು ರಟ್ಟಿನ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡ. ಮೇಜಿನ ಖಾನೆಯಿಂದ ಬ್ಲೇಡು ತೆಗೆದ. "ಹೇಳಾಕ ಏನೈತ್ರಿ, ಕತಿ ಕತೀನ. ಈ ಸುಳ್ಳು ಪುಟ ಕೊಯ್ದು ಹಾಕ್ತೀನಿ, ಅಸಲು ಅಂಟಸ್ತೀನಿ. ಮುಗೀತು." ಬ್ಲೇಡಿನ ತುದಿ ಹೊಲಿಗೆಯ ಪಕ್ಕ, ಮೊದಲನೇ ಹಾಳೆಯ ಬುಡಕ್ಕೆ ತಾಗಿತು.

"ತಡೀರಿ," ಎಂದಳು ನಾಗಲಿಂಗಮ್ಮ. ಕಪ್ಪು ಚೀಲದಲ್ಲಿ ಕೈ ಹಾಕಿ, ಥರ್ಮಾಮೀಟರಿನ ಡಬ್ಬಿ, ಬಾಚಣಿಗೆ, ಬಸ್ಸಿನ ಚೀಟಿಗಳನ್ನೆಲ್ಲ ಸರಿಸಿ, ನಾಲ್ಕು ಮಡಿಕೆಯ ಒಂದು ಕಾಗದ ತೆಗೆದಳು. ಅವಳ ತಾಯಿಯ ಹೆಸರಿನ ಹೊಲದ ಪಹಣಿ ನಕಲು. ಬಿಡಿಸಿ, ಪುಸ್ತಕದ ಕೊನೆಯ ಪುಟದ ಪಕ್ಕಕ್ಕೆ ಇಟ್ಟಳು. ಅಸಲಿನಂತೆ ನಕಲು ಇರುತ್ತದೆ. ಅಸಲಿನಂತೆ ನಕಲು ಇರುತ್ತದೆ. ಇಬ್ಬರು ಅಣ್ಣತಮ್ಮಂದಿರು ಪಕ್ಕಪಕ್ಕ ಕೂತಂತೆ ಕೂತವು. ಒಂದರಲ್ಲಿ 'ಬರೆದವರು' ಎಂಬುದರ ಮುಂದೆ ಸುಂಕಪ್ಪ ಎಂಬ ರುಜು, ಇನ್ನೊಂದರಲ್ಲಿ ಬರೀ ಜಾಗ. ಓಬಳೇಶಪ್ಪ ಕನ್ನಡಕ ಸರಿಮಾಡಿಕೊಂಡು ಒಮ್ಮೆ ಅದನ್ನು, ಒಮ್ಮೆ ಇದನ್ನು ನೋಡಿ, ಬಾಯಿ ತೆರೆದು, "ಅಲ್ರೀ ಸುಂಕಪ್ಪ, ಯಾಕ..." ಎಂದ.

ನಾಗಲಿಂಗಮ್ಮ ಕೈ ಎತ್ತಿ ಅವನನ್ನು ತಡೆದಳು. ಸುಂಕಪ್ಪನ ಕಡೆ ತಿರುಗಿದಳು. ಎಲ್ಲ ತಿಳಿದಿತ್ತು ಅವಳಿಗೆ. ಆದರೂ ಮೆಲ್ಲಗೆ, ಸೂಜಿ ಚುಚ್ಚುವ ಮುಂಚೆ ಮಕ್ಕಳ ಹತ್ತಿರ ಮಾತಾಡುವ ಧ್ವನಿಯಲ್ಲಿ ಕೇಳಿದಳು.

"ಯಾರು ಬರದ್ರು ಸರ?"

ಯಾಕೆ ಎಂದಲ್ಲ. ಯಾರು ಎಂದು. ಚಾವಡಿಯ ಕಟ್ಟೆಯ ಮುಂದೆ, ಬೆಳಗಿನಿಂದ ಸಂಜೆಯ ತನಕ, ಒಬ್ಬರಾದರೂ ಹೀಗೆ ಕೇಳಿದ್ದರೆ. ಊಟದ ತಾಟಿನ ಮುಂದೆ ತಾನಾದರೂ. ಸುಂಕಪ್ಪನಿಗೆ ಅಳು ಬಂತು, ಮುಚ್ಚಿಡಲು ಪತ್ರಿಕೆ ಕೈಯಲ್ಲಿರಲಿಲ್ಲ.

"ನಾನ್ರಿ," ಎಂದ. "ನಾನ ಬರದೆ. ಆ ಮಾತು ಮಾತ್ರ ನಂದಲ್ಲ. ನಮ್ಮಪ್ಪಂದು." ಮತ್ತೆ ಒಂದು ಗುಟುಕು ಉಸಿರು ತೆಗೆದುಕೊಂಡು ಹೇಳಿದ: "ನಿಜ ನಿಜ ಅಂತ ಬರೀತಿದ್ದೋನೂ ನಾನ."

ಹೊರಗೆ ಬಸ್‌ಸ್ಟ್ಯಾಂಡಿನಲ್ಲಿ ಏಜೆಂಟನೊಬ್ಬ ಹಡಗಲಿ ಹಡಗಲಿ ಹಿರೇಹಡಗಲಿ ಎಂದು ಕೂಗುತ್ತಿದ್ದ. ನಾಗಲಿಂಗಮ್ಮ ಪುಸ್ತಕವನ್ನು ಓಬಳೇಶಪ್ಪನ ಬ್ಲೇಡಿನ ಕೆಳಗಿನಿಂದ ಎಳೆದು ಸುಂಕಪ್ಪನ ಮುಂದೆ ಇಟ್ಟಳು. ತನ್ನ ಪೆನ್ನಿನ ಮುಚ್ಚಳ ತೆಗೆದು ಕೊಟ್ಟಳು. "ಅಸಲು ಪುಟಾನೂ ಅಂಟಸ್ರಿ ಓಬಳೇಶಣ್ಣ, ಅದು ಭಾರಿ ಐತಿ, ಓದೋರಿಗೆ ಸಿಗಲಿ. ಆದರ ಇವನ್ನ ತಗೀಬ್ಯಾಡ್ರಿ. ಇದರ ಹಿಂದ ಅದು ಇರಲಿ. ಮತ್ತ ನೀವು ಇಲ್ಲಿ ರುಜು ಹಾಕ್ರಿ ಸರ. ಖಾಲಿ ಬಿಡಬಾರದು."

"ಅಲ್ಲವ್ವ ತಾಯಿ," ಎಂದ ಓಬಳೇಶಪ್ಪ, ಬ್ಲೇಡು ಇನ್ನೂ ಕೈಯಲ್ಲೇ ಇತ್ತು. "ಅಸಲಿನಂತೆ ನಕಲು ಅಂತ ಬರದಾನಲ್ಲ, ಅಸಲ ಇಲ್ಲ ಇದಕ್ಕ! ಸರ್ಕಾರಿ ನೌಕರ, ನಾಳೆ ಯಾರರ ಕೇಳಿದ್ರ ಅಸಲು ಎಲ್ಲೈತಿ ಅಂತ ತೋರಸ್ತಾನ?"

ಸುಂಕಪ್ಪ ಪೆನ್ನು ಹಿಡಿದುಕೊಂಡಿದ್ದ. ಸಾವಿರಾರು ಜನರ ಹೆಸರನ್ನು ಅವನು ತಂದೆಯ ಹೆಸರಿನೊಂದಿಗೆ ಬರೆದಿದ್ದ. ಪಹಣಿಯಲ್ಲಿ ತಂದೆಯ ಹೆಸರಿಲ್ಲದೆ ಮನುಷ್ಯನಿಲ್ಲ. ತನ್ನ ರುಜುವಿನಲ್ಲಿ ಮಾತ್ರ ಅದನ್ನು ಎಂದೂ ಬರೆದಿರಲಿಲ್ಲ. ಈಗ 'ಬರೆದವರು' ಎಂಬುದರ ಮುಂದೆ, ಪಹಣಿಯ ಅಕ್ಷರದಲ್ಲೇ, ನಿಧಾನವಾಗಿ ಬರೆದ: ಸುಂಕಪ್ಪ ತಂದೆ ಹುಲುಗಣ್ಣ.

ನಾಗಲಿಂಗಮ್ಮ ಅದನ್ನು ಓದಿದಳು. ಪೆನ್ನನ್ನು ಅವನ ಕೈಯಿಂದ ತೆಗೆದುಕೊಂಡು, 'ತಾಳೆ ನೋಡಿದವರು' ಎಂಬಲ್ಲಿ ತನ್ನ ಪೂರ್ತಿ ಹೆಸರನ್ನು ಬರೆದಳು, ತಾರೀಖು ಹಾಕಿದಳು.

"ಅಸಲು ಹಂಪಸಾಗರದಾಗ ಐತಿ ಓಬಳೇಶಣ್ಣ," ಎಂದಳು, ಮುಚ್ಚಳ ಹಾಕುತ್ತ. "ಗೇಟ್ ಕಾಯತೈತಿ. ನಾನು ತಾಳೆ ನೋಡೀನಿ. ಸರಿ ಐತಿ."